ಕಳೆದುಹೋದ ಒಂದು ‘ಅಲ್ಲ’

ಠಾಣಾ ಕುಶನೂರಿನಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗ ಕಾಕಾ ಸಿಕ್ಕರು. ಹಿಂದಿನ ವಾರ ಅವರ ಹೊಲಕ್ಕೆ ಹೋಗಿ, ಮಳೆಗೆ ಕೊಳೆತ ಸೋಯಾ ಬೆಳೆಯ ವಿಡಿಯೊ ಮಾಡಿದ್ದೆವು. “ಏನ್ ತಮ್ಮಾ, ನಾ ಹಂಗ ಅಂದಿದ್ದೆನಾ?” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನಮಗೆ ಹೆಚ್ಚು ನಾಚಿಕೆಯಾಯಿತು.

ಕಾಕಾ ಹೊಲದಲ್ಲಿ ಹೇಳಿದ್ದು: “ವಿಮಾ ರೊಕ್ಕ ಬಂದದ ಅನ್ನೋದು ಖರೇ ಅಲ್ಲ.” ನಮ್ಮ ವಿಡಿಯೊದಲ್ಲಿ ಇದ್ದದ್ದು: “ವಿಮಾ ರೊಕ್ಕ ಬಂದದ ಅನ್ನೋದು ಖರೇ.” ಅಷ್ಟಕ್ಕೇ ಮಾತು ನಿಂತು ಕೊಳೆತ ಸೋಯಾ ಕಾಣುತ್ತದೆ. ವಾಟ್ಸಾಪಿನಲ್ಲಿ ಅದು ಊರೆಲ್ಲ ಸುತ್ತಿ, ಕಾಕಾ ಉದ್ರಿ ಇಟ್ಟಿದ್ದ ಅಂಗಡಿಯವರು ಬಾಕಿ ಕೇಳಿದ್ದರು. “ರೊಕ್ಕ ಬಂದದಂತಲ್ಲ!”

ರಾತ್ರಿ ಲ್ಯಾಪ್‌ಟಾಪ್ ತೆರೆದು ಹುಡುಕಿದೆವು. ನಮ್ಮ ವಿಡಿಯೊದಲ್ಲಿ ಒಂದು ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಚಿತ್ರ. ಕಾಕಾನ ‘ಅಲ್ಲ’ 9 ಫ್ರೇಮ್ ಇತ್ತು, ಅರ್ಧ ಸೆಕೆಂಡೂ ಅಲ್ಲ. ಐದು ನಿಮಿಷದ ವಿಡಿಯೊ ಎಂದರೆ 7500 ಫ್ರೇಮ್. ಅದಷ್ಟನ್ನೂ 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಒಮ್ಮೆಗೇ ನೋಡಿದರೆ ಒಂದು ಪಿಕ್ಸೆಲ್ಲಿಗೆ ಹೆಚ್ಚುಕಡಿಮೆ 4 ಫ್ರೇಮ್. ಬೆರಳು ಎರಡು ಮೂರು ಪಿಕ್ಸೆಲ್ ಜಾರಿದರೆ ಒಂದು ‘ಅಲ್ಲ’ ಹೋಯಿತು. ಟಚ್‌ಪ್ಯಾಡಿನಲ್ಲಿ ಸೋಯಾ ಕ್ಲಿಪ್ ಎಳೆದು ಕೂರಿಸುವಾಗ ಆದದ್ದು ಇದೇ. ಅದು ಕಾಕಾನ ಮಾತಿನ ಬಾಲದ ಮೇಲೆ ಕುಳಿತು ಅದನ್ನು ಮುಚ್ಚಿಬಿಟ್ಟಿತ್ತು.

ಕನ್ನಡದಲ್ಲಿ ಇಲ್ಲ, ಅಲ್ಲ, ಬೇಡ ಎಲ್ಲ ಮಾತಿನ ತುದಿಗೇ ಬರುತ್ತವೆ. ನಮ್ಮ ಕಡೆ ಮನೆಯಲ್ಲಿ ಮರಾಠಿ ಆಡುವವರೂ ಬಹಳ, ಅಲ್ಲಿಯೂ ‘ಖರಂ ನಾಹೀ’. ಉರ್ದುವಿನಲ್ಲಿ ‘ಸಚ್ ನಹೀ ಹೈ’, ತುದಿ ಕತ್ತರಿಸಿದರೂ ‘ನಹೀ’ ಉಳಿಯುತ್ತದೆ. ಕಾಕಾ ಉರ್ದುವಿನಲ್ಲಿ ಮಾತಾಡಿದ್ದರೆ ನಾವು ಬಚಾವಾಗುತ್ತಿದ್ದೆವು!

ನಾವು ಬಳಸುವುದು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ. ಅದರಲ್ಲಿ ಕ್ಲಿಪ್ ಆರಿಸಿಕೊಂಡು ಅಲ್ಪವಿರಾಮದ ಕೀ ಒತ್ತಿದರೆ ಕ್ಲಿಪ್ ಒಂದು ಫ್ರೇಮ್ ಎಡಕ್ಕೆ, ಪೂರ್ಣವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಬಲಕ್ಕೆ ಸರಿಯುತ್ತದೆ. ಜೊತೆಗೆ ಶಿಫ್ಟ್ ಹಿಡಿದರೆ ಐದೈದು ಫ್ರೇಮ್. ಕ್ಲಿಪ್ಪನ್ನು ಪಕ್ಕದ ಅಂಚಿಗೆ ಅಯಸ್ಕಾಂತದಂತೆ ಎಳೆಯುವ ಸ್ನ್ಯಾಪಿಂಗ್ ಅನ್ನು ‘ಎನ್’ ಒತ್ತಿ ನಿಲ್ಲಿಸಬಹುದು. ಇದು ನಮಗೆ ಗೊತ್ತಿಲ್ಲದ್ದೇನಲ್ಲ, ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಬೆರಳಿನಿಂದ ಎಳೆಯುವುದು ಸಲೀಸು ಅಂತ ಬಿಟ್ಟಿದ್ದೆವು.

ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಸೋಯಾ ಕ್ಲಿಪ್ ಮತ್ತು ಅದರ ಮುಂದಿನವನ್ನೆಲ್ಲ ಒಟ್ಟಿಗೆ ಆರಿಸಿ, ಶಿಫ್ಟ್ ಹಿಡಿದು ಪೂರ್ಣವಿರಾಮ ಮೂರು ಸಲ ಒತ್ತಿದೆವು. 15 ಫ್ರೇಮ್ ಜಾಗ ಸಿಕ್ಕಿತು. ಟೈಮ್‌ಲೈನಿನಲ್ಲಿ ಕತ್ತರಿಸಿದ್ದು ಮೂಲ ಫೈಲಿನಲ್ಲಿ ಹಾಗೇ ಇರುತ್ತದಲ್ಲ, ಕಾಕಾನ ಕ್ಲಿಪ್ಪಿನ ಅಂಚನ್ನು ಹಿಡಿದು ಅದೇ ಕೀಯಿಂದ ಅಷ್ಟೇ ಚಾಚಿದೆವು. 9 ಫ್ರೇಮ್ ‘ಅಲ್ಲ’ಕ್ಕೆ, ಉಳಿದ 6 ಅವರು ಬಾಯಿ ಮುಚ್ಚುವುದಕ್ಕೆ. ಈಗ ಪ್ರತಿ ಕಟ್ಟಿನ ಹತ್ತಿರ ಟೈಮ್‌ಲೈನ್ ದೊಡ್ಡದು ಮಾಡಿ, ದನಿಯ ಗೆರೆ ಪೂರ್ತಿ ಇಳಿಯಿತೋ ಇಲ್ಲವೋ ನೋಡುತ್ತೇವೆ. ಆಮೇಲೆ ಇಯರ್‌ಫೋನ್ ಹಾಕಿ ಕೇಳುತ್ತೇವೆ. ಫೋನಿನಲ್ಲೇ ಎಡಿಟ್ ಮಾಡುವವರು ಎರಡು ಬೆರಳಿನಿಂದ ಟೈಮ್‌ಲೈನ್ ಅಗಲಿಸಿಕೊಂಡರೆ ಇಷ್ಟು ಕಾಣುತ್ತದೆ.

ಮರುದಿನ ಅಂಗಡಿಗೆ ಹೋಗಿ ಹೊಸ ವಿಡಿಯೊ ತೋರಿಸಿ, ತಪ್ಪು ನಮ್ಮದು ಅಂದೆವು. ಅಂಗಡಿಯವರು ಎರಡು ಸಲ ನೋಡಿ ಕಾಕಾನ ಬಾಕಿಯ ಮಾತು ಬಿಟ್ಟರು. ಹಳೆಯ ವಿಡಿಯೊ ಮಾತ್ರ ಇನ್ನೂ ಯಾವುದೋ ಗ್ರೂಪಿನಿಂದ ಬರುತ್ತಲೇ ಇದೆ. ಕಂಡಾಗಲೆಲ್ಲ ಅದರ ಕೆಳಗೆ ಹೊಸದನ್ನು ಹಾಕುತ್ತಿದ್ದೇವೆ. ನಿಮ್ಮ ಗ್ರೂಪಿಗೆ ಬಂದರೆ ನಮಗೂ ತಿಳಿಸಿ.