ಒಂದು ಮನಿ, ಎರಡು ಡಬ್ಬಿ

ಸುರಪುರದ ನಮ್ಮ ಮನೆಯ ಗೋಡೆ ಎರಡು ಮೊಳ ದಪ್ಪ. ಕಲ್ಲು, ಮಣ್ಣು, ಮುತ್ತಾತನ ಹಠ ಮೂರನ್ನೂ ಕಲಸಿ ಕಟ್ಟಿದ್ದು. ಏಪ್ರಿಲ್ ಬಿಸಿಲು ಒಳಗೆ ಬರುವುದಿಲ್ಲ, ಒಳಗಿನ ಜಗಳ ಹೊರಗೆ ಹೋಗುವುದಿಲ್ಲ. ವೈಫೈಯೂ ದಾಟುವುದಿಲ್ಲ. ಪಡಸಾಲೆಯಿಂದ ಹೊರಟ ಸಿಗ್ನಲ್ಲು ಅಡುಗೆಮನೆಯ ಹೊಸ್ತಿಲ ತನಕ ಬಂದು, ಸಂಕೋಚದ ನೆಂಟನ ಹಾಗೆ ಅಲ್ಲೇ ನಿಂತುಬಿಡುತ್ತಿತ್ತು.

ಹಿತ್ತಲಲ್ಲಿ ಆರ್‌ಸಿಸಿ ಮನೆ ಕಟ್ಟಿಕೊಂಡ ತಮ್ಮ ಇನ್ನೊಂದು ರೂಟರ್ ತಂದ. ನಮ್ಮ ಡಬ್ಬಿಯಿಂದ ಒಂದು ಕೇಬಲ್ ಎಳೆದು ತನ್ನ ಡಬ್ಬಿಗೆ ಚುಚ್ಚಿದ. ಎಲ್ಲರಿಗೂ ಸುಖವಾಯಿತು. ಒಂದು ಮನೆಯಲ್ಲಿ ಎರಡು ಒಲೆ ಹೂಡಿದೆವು ಅಂತ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ವಾಟ್ನಿಯ, ಅಂದರೆ ಹೊಲ ಪಾಲು ಮಾಡಿಕೊಳ್ಳುವ, ಮಾತು ಬಂದಾಗ. ಅಪ್ಪನ ಟ್ರಂಕಿನ ಹಳೆಯ ಕಾಗದಗಳನ್ನು ತಮ್ಮ ಶಹಾಪುರದಲ್ಲಿ ಸ್ಕ್ಯಾನ್ ಮಾಡಿಸಿ ತನ್ನ ಕಂಪ್ಯೂಟರಿನಲ್ಲಿ ಇಟ್ಟಿದ್ದ. ಎಲ್ಲ ಉರ್ದು. 1948ರ ಸೆಪ್ಟೆಂಬರ್ ತನಕ ಇದು ನಿಜಾಮನ ಸೀಮೆ; ದಫ್ತರದ ಮಾತು ಉರ್ದು. ತಾತ ಸರಾಗ ಓದುತ್ತಿದ್ದ, ಅಪ್ಪ ತಡವರಿಸುತ್ತಿದ್ದ, ನಮಗಿಬ್ಬರಿಗೂ ಅದು ಬರೀ ಚಂದದ ಬಳ್ಳಿ. ಆ ಫೈಲು ನನಗೂ ಬೇಕಿತ್ತು. ಕನ್ನಡದ ತಮಾಷೆ ನೋಡಿ: ಫೈಲು ಹಂಚಿಕೊಳ್ಳುವುದಕ್ಕೂ ಹೊಲ ಹಂಚಿಕೊಳ್ಳುವುದಕ್ಕೂ ಒಂದೇ ಕ್ರಿಯಾಪದ. ಮೊದಲನೆಯದರಲ್ಲಿ ಇಬ್ಬರಿಗೂ ಪೂರ್ತಿ ಸಿಗುತ್ತದೆ, ಎರಡನೆಯದರಲ್ಲಿ ಇಬ್ಬರಿಗೂ ಅರ್ಧ.

‘ಪೆನ್‌ಡ್ರೈವ್‌ನ್ಯಾಗ ಕೊಡ್ತೀನಿ ತಗೋ’ ಅಂದ ತಮ್ಮ. ಬೇಡ ಅಂದೆ. ಐವತ್ತು ಹೆಜ್ಜೆ ನಡೆದು ಹಿತ್ತಲಿಗೆ ಹೋದರೆ ವಾಟ್ನಿಯ ಅವಸರ ನನಗೇ ಅಂತಾಗುತ್ತದಲ್ಲ! ನೆಟ್‌ವರ್ಕಿನಲ್ಲಿ ಬಂದರೆ ಯಾರು ಯಾರ ಬಾಗಿಲಿಗೂ ಹೋದಂತಲ್ಲ.

ಒಂದು ಕಾಲಕ್ಕೆ ಇದೇ ನಾನು ಒಂದು ಫ್ಲಾಪಿಗಾಗಿ ಬಸ್ಸು ಹತ್ತಿದವನು. ಅಕ್ಕನ ಲಗ್ನಪತ್ರಿಕೆ. ಸುರಪುರದಲ್ಲಿ ಟೈಪಾಗಿ, ಶಹಾಪುರದಲ್ಲಿ ತಿದ್ದಿಸಿಕೊಂಡು, ಯಾದಗಿರಿಯಲ್ಲಿ ಅಚ್ಚಾಗಬೇಕಿತ್ತು. ಮಡಚದಂತೆ ಪಂಚಾಂಗದ ನಡುವೆ ಇಟ್ಟು, ಭೀಮಾ ಸೇತುವೆ ದಾಟುವಾಗ ಎದೆಗೊತ್ತಿಕೊಂಡು ಒಯ್ದಿದ್ದೆ. 1.44 ಎಂಬಿ. ಅಷ್ಟರಲ್ಲಿ ಎರಡೂ ಕಡೆಯ ಬೀಗರು, ದೇವರು, ‘ಆಶೀರ್ವಾದವೇ ಉಡುಗೊರೆ’ ಎಲ್ಲ ಹಿಡಿದಿದ್ದವು. ಯಾದಗಿರಿಯ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇರಲಿಲ್ಲ. ಪರದೆ ಮೇಲೆ ಅಕ್ಕನ ಹೆಸರು ಇಂಗ್ಲಿಷ್ ಅಕ್ಷರ, ಅಡ್ಡಗೆರೆ, ಪ್ರಶ್ನಾರ್ಥಕ ಚಿಹ್ನೆಯಾಗಿ ಬಂತು. ಫಾಂಟ್ ತರಲು ಮತ್ತೆ ಬಸ್ಸು. ಆದರೆ ಹೋಗುತ್ತ ಬರುತ್ತ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ತಿಂದ ಮಿರ್ಚಿ ಭಜಿಯ ಲೆಕ್ಕ ಇನ್ನೂ ನೆನಪಿದೆ. ಹದಿಮೂರು.

ಈಗ ಬಸ್ಸಿಲ್ಲ, ಭಜಿಯಿಲ್ಲ. ಪರದೆಯ ಮುಂದೆ ಕೂತು ತಮ್ಮನ ಕಂಪ್ಯೂಟರು ಹುಡುಕಿದೆ. ಇಲ್ಲ. ಪಿಂಗ್ ಮಾಡಿದೆ. ಉತ್ತರವಿಲ್ಲ. ವಿಚಿತ್ರವೆಂದರೆ ತಮ್ಮನಿಗೆ ನನ್ನ ಕಂಪ್ಯೂಟರು ಸಲೀಸಾಗಿ ಸಿಕ್ಕಿತು. ವಿಳಾಸ ಹೊಡೆದ, ನನ್ನ ಫೋಲ್ಡರ್ ಬಿಚ್ಚಿಕೊಂಡಿತು. ಅದರಲ್ಲಿ ಎಂಟು ವರ್ಷದಿಂದ ಯಾರಿಗೂ ತೋರಿಸದ ನನ್ನ ಕಾದಂಬರಿಯ ಮೊದಲ ಅಧ್ಯಾಯವಿತ್ತು. ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದ, ‘ಅಣ್ಣಾ, ಅದರಾಗ ಒಬ್ಬ ಜಿಪುಣ ತಮ್ಮ ಬರ್ತಾನಲ್ಲ, ಅವ ಯಾರು?’ ರೊಟ್ಟಿ ಗಂಟಲಲ್ಲಿ ನಿಂತಿತು.

ಶಹಾಪುರದ ಮಲಗಿದ ಬುದ್ಧನ ಗುಡ್ಡವೂ ಹೀಗೇ, ಒಂದು ಕಡೆಯಿಂದ ಮಾತ್ರ ಕಾಣುವಂಥದ್ದು. ರಸ್ತೆಯ ಒಂದು ಕಡೆಯಿಂದ ನೋಡಿದರೆ ಹಣೆ, ಮೂಗು, ಎದೆ ಎಲ್ಲ ಒಪ್ಪವಾಗಿ ಕಾಣುತ್ತವೆ. ಗುಡ್ಡ ಹತ್ತಿದರೆ ಕಲ್ಲು ಬಿಟ್ಟು ಬೇರೇನಿಲ್ಲ. ಇಲ್ಲಿ ನಮ್ಮೂರ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. 1841ರಿಂದ 1853ರ ತನಕ, ಬಾಲಕ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಕಾರಭಾರ ನೋಡಿದ ಮೆಡೋಸ್ ಟೇಲರನ ಬಂಗಲೆ. ಅಲ್ಲಿ ನಿಂತರೆ ಊರಿನ ಮಾಳಿಗೆಗಳೆಲ್ಲ ಕಾಣುತ್ತವೆ. ನನಗೆ ನನ್ನ ಹಿತ್ತಲೇ ಕಾಣುತ್ತಿಲ್ಲ!

ಕೊನೆಗೆ ಬಗೆಹರಿಸಿದವಳು ಪಿಯುಸಿ ಓದುವ ತಮ್ಮನ ಮಗಳು. ‘ದೊಡ್ಡಪ್ಪಾ, ಒಂದು ಮನ್ಯಾಗ ಇಬ್ಬರು ನಂಬರ್ ಹಂಚಲಾಕತ್ತಾರ. ನಿಮ್ಮ ಡಬ್ಬಿ 192.168.1 ಅಂತದ, ಅಪ್ಪಂದು 192.168.0 ಅಂತದ. ಬ್ಯಾರೆ ಓಣಿ ಆಗ್ಯಾವ. ನಮ್ಮ ಡಬ್ಬಿ ಒಳಗಿನವ್ರನ್ನ ಹೊರಗ ಬಿಡ್ತದ, ಹೊರಗಿನವ್ರನ್ನ ಒಳಗ ಬಿಡಂಗಿಲ್ಲ.’

‘ಅಂದ್ರ ಏನ್ ಮಾಡ್ಬೇಕು?’

‘ಒಬ್ಬರು ಯಜಮಾನಕಿ ಬಿಡ್ಬೇಕು.’

ನಾನೂ ತಮ್ಮನೂ ಮುಖ ನೋಡಿಕೊಂಡೆವು. ಅವಳು ನಮ್ಮ ಒಪ್ಪಿಗೆಗೆ ಕಾಯಲಿಲ್ಲ. ತನ್ನಪ್ಪನ ಡಬ್ಬಿಯಲ್ಲಿ ನಂಬರ್ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೆ 192.168.1.2 ಅಂತ ಹೊಸ ನಂಬರ್ ಕೊಟ್ಟು, ವ್ಯಾನ್ ತೂತಿನ ಕೇಬಲ್ ಕಿತ್ತು ಲ್ಯಾನ್ ತೂತಿಗೆ ಹಾಕಿದಳು. ಅಷ್ಟೇ. ಎರಡನೆಯ ರೂಟರು ದೊಡ್ಡಸ್ತಿಕೆ ಬಿಟ್ಟು ಬರೀ ಸಿಗ್ನಲ್ ದಾಟಿಸುವ ಆಳಾಯಿತು. ಎರಡೂ ಕಂಪ್ಯೂಟರು ಒಂದೇ ಓಣಿಗೆ ಬಂದವು. ಕಾದಂಬರಿಯನ್ನು ನಾನು ಮೊದಲೇ ಬೇರೆ ಕಡೆ ಅಡಗಿಸಿದ್ದೆ.

ಫೈಲು ಬಂತು. ಅದು ಬರುವ ಮೊದಲೇ ಹಿತ್ತಲಿಂದ ತಮ್ಮನ ದನಿ ಬಂತು: ‘ಬಂತೇನೋ ಅಣ್ಣಾ?’ ಎರಡು ಮೊಳದ ಗೋಡೆಯನ್ನು ಆ ದನಿ ಮೊದಲಿನಿಂದಲೂ ದಾಟುತ್ತಿತ್ತು. ನಾವೇ ಬಹಳ ದಿನದಿಂದ ಕೂಗಿರಲಿಲ್ಲ.

ಪ್ರಿಂಟ್ ತೆಗೆದು, ಉರ್ದು ಬಲ್ಲ ಹಿರಿಯರೊಬ್ಬರ ಹತ್ತಿರ ಇಬ್ಬರೂ ಒಂದೇ ಬೈಕಿನಲ್ಲಿ ಹೋದೆವು. ಅವರು ಕಾಗದ ಹಿಡಿದು, ಕನ್ನಡಕ ಏರಿಸಿ, ಕಾಗದವನ್ನು ತಿರುಗಿಸಿದರು. ನಾವು ತಲೆಕೆಳಗಾಗಿ ಕೊಟ್ಟಿದ್ದೆವು.

‘ಇದು ಹೊಲದ ಕಾಗದ ಅಲ್ರಿ. ನಿಮ್ಮ ತಾತ, ಅವರ ತಮ್ಮ, ಇಬ್ಬರ ನಡುವ ಹಿತ್ತಲ ಬಾವಿ ನೀರಿನ ಪಾಳಿ. ಒಂದು ದಿನ ಇವರು, ಒಂದು ದಿನ ಅವರು. ಹಬ್ಬದ ದಿನ ಇಬ್ಬರೂ.’

‘ಆ ಬಾವಿ ಈಗ ಎಲ್ಲದ?’ ಅಂತ ಕೇಳಿದರು.

ತಮ್ಮ ಕೆಮ್ಮಿದ. ‘ಮುಚ್ಚಿಸೀನ್ರಿ. ಅದರ ಮ್ಯಾಲೇ ಈ ಬೈಕ್ ನಿಲ್ಲಿಸ್ತೀವಿ.’