ಉಪ್ಪು ಎಣ್ಣೆಯಲ್ಲಿ ಕರಗುತ್ತಾ?

ಮೂರು ವರ್ಷದ ಹಿಂದಿನ ಮಾತು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ಗೆ ಬೆಂಗಳೂರಿನಿಂದ ಕೊಡಗಿಗೆ ರಾತ್ರಿ ಬಸ್ಸಲ್ಲಿ ಬಂದಿದ್ದೆ. ಕೋವಿಗಳಿಗೆ ತೋಕ್ ಪೂ ಇಟ್ಟು ಪೂಜೆ, ಕಡಂಬಿಟ್ಟು-ಪಂದಿಕರಿ ಊಟ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಜ್ಜನ ಕಾಲದ ಕೇಪಿನ ಕೋವಿಯನ್ನು ಅಪ್ಪ ಮೊದಲ ಸಲ ನನ್ನ ಕೈಗೆ ಕೊಟ್ಟರು. ಕಾಯಿ ಒಡೆಯಲಿಲ್ಲ, ಭುಜ ನೋವಾಯ್ತು. ಆದರೂ ಏನೋ ಹೆಮ್ಮೆ.

“ಕ್ಲೀನ್ ಮಾಡಿಟ್ಟು ಹೋಗು” ಅಂದರು ಅಪ್ಪ. ಬಸ್ಸಿಗೆ ಹೊತ್ತಾಗಿತ್ತು. ಬಟ್ಟೆಗೆ ಎಣ್ಣೆ ಹಾಕಿ ನಳಿಗೆಯೊಳಗೆ ಎರಡು ಸಲ ಎಳೆದೆ. ಹೊರಗೆಲ್ಲ ಮಿರಮಿರ ಮಿಂಚಿಸಿ, ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿ ಹೊರಟೆ.

ಮತ್ತೆ ಬಂದಿದ್ದು ಹುತ್ತರಿಗೆ. ಕದಿರು ಕೊಯ್ಯುವಾಗ ಗುಂಡು ಹಾರಿಸಬೇಕಲ್ಲ, ಅಪ್ಪ ಗಜಕ್ಕೆ ಬಿಳಿ ಬಟ್ಟೆ ಸುತ್ತಿ ನಳಿಗೆಗೆ ಇಳಿಸಿದರು. ಮೇಲೆ ಬಂದ ಬಟ್ಟೆ ಕೆಂಪು ಮಣ್ಣಿನ ಬಣ್ಣ! ತುಕ್ಕು. ನನಗೆ ತಲೆ ಎತ್ತಲಾಗಲಿಲ್ಲ. ಅಪ್ಪ ಬೈಯಲಿಲ್ಲ, ಒಂದೇ ಮಾತು ಕೇಳಿದರು: “ಉಪ್ಪು ಎಣ್ಣೆಯಲ್ಲಿ ಕರಗುತ್ತಾ?”

ಆಗ ಹೊಳೆಯಿತು. ಕರಿಮದ್ದು ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಉರಿದ ಮೇಲೆ ನಳಿಗೆಯಲ್ಲಿ ಉಳಿಯುವ ಮಸಿಯಲ್ಲೂ ಲವಣಗಳೇ. ಹಳೇ ಕಾಲದ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ನಮ್ಮ ಅಡುಗೆ ಉಪ್ಪಿನ ಹತ್ತಿರದ ನೆಂಟ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರು ಬಿಡುವುದಿಲ್ವಾ? ಹಾಗೆಯೇ ಇದೂ ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ನಾನು ಅದನ್ನು ತೊಳೆಯದೆ, ಮೇಲೆ ಎಣ್ಣೆ ಸವರಿದ್ದೆ ಅಷ್ಟೇ.

ಅವತ್ತು ಇಬ್ಬರೂ ಅಂಗಳದಲ್ಲಿ ಕೂತೆವು. ಕೋವಿಯಲ್ಲಿ ಮದ್ದಿಲ್ಲ ಅಂತ ಮತ್ತೊಮ್ಮೆ ನೋಡಿ, ನಳಿಗೆಯನ್ನು ಮರದಿಂದ ಬಿಡಿಸಿ, ಬುಡವನ್ನು ಬಿಸಿನೀರಿನ ಬಕೆಟ್‌ಗೆ ಇಳಿಸಿದೆವು. ಬಟ್ಟೆ ಸುತ್ತಿದ ಗಜವನ್ನು ಪಂಪಿನ ಹಾಗೆ ಮೇಲೆ-ಕೆಳಗೆ ಎಳೆದರೆ ನೀರು ಕಪ್ಪಗೆ, ಕೆಂಪಗೆ ಬಂತು. ತಿಳಿಯಾಗುವ ತನಕ ನೀರು ಬದಲಿಸಿದೆವು. ಕೊನೆಗೆ ಕುದಿಯುವ ನೀರು ಹೊಯ್ದರೆ, ಕಾದ ಕಬ್ಬಿಣ ಬೇಗ ಒಣಗುತ್ತದೆ. ಒಣಬಟ್ಟೆಯಲ್ಲಿ ಒರೆಸಿದ ಮೇಲಷ್ಟೇ ಎಣ್ಣೆ. ಮರುದಿನ ಮತ್ತೊಮ್ಮೆ ಬಟ್ಟೆ ಇಳಿಸಿ ನೋಡಬೇಕು.

ಗಜ ಹಿಡಿದ ಅಪ್ಪನ ಕೈ ನಡುಗುವುದನ್ನು ನಾನು ಗಮನಿಸಿದ್ದು ಅವತ್ತೇ. ಕೇಳಿದರೆ, “ವರ್ಷ ಆಯ್ತು” ಅಂದರು.

ತುಕ್ಕು ಹೋಯ್ತು, ಸಣ್ಣ ಸಣ್ಣ ಗುಳಿಗಳು ಉಳಿದವು. ಆ ಹುತ್ತರಿಗೆ ಅಜ್ಜನ ಕೋವಿ ಹಾರಲಿಲ್ಲ.

ಈಗ ಕೈಲ್‌ಪೊಳ್ದ್‌ಗೆ ಒಂದು ದಿನ ಹೆಚ್ಚು ರಜೆ ಹಾಕ್ತೀನಿ. ನೀರು ಕಾಯಿಸುವುದು ಅಪ್ಪ, ಗಜ ಎಳೆಯುವುದು ನಾನು.