ದೊಡ್ಡ ಕುರ್ಚಿ

ನಮ್ಮ ಮುಂಡಗೋಡ ತಾಲೂಕಿನ ನೆರೆಯದು ಶಿಗ್ಗಾಂವಿ. ಅಲ್ಲಿಯ ಜನರು 2023ರಲ್ಲಿ ಶ್ರೀ ಬಸವರಾಜ ಬೊಮ್ಮಾಯಿಯವರನ್ನು ಐದು ವರ್ಷಕ್ಕೆ ಶಾಸಕರನ್ನಾಗಿ ಆರಿಸಿದರು. 2024ರಲ್ಲಿ ಅವರು ಹಾವೇರಿಯಿಂದ ಲೋಕಸಭೆಗೆ ಗೆದ್ದರು. ಎರಡೂ ಸ್ಥಾನ ಇಟ್ಟುಕೊಳ್ಳಲು ಬರುವುದಿಲ್ಲ. ಶಾಸಕ ಸ್ಥಾನ ಬಿಟ್ಟರು. ಸುಮಾರು ಐದು ತಿಂಗಳು ಶಿಗ್ಗಾಂವಿಗೆ ಶಾಸಕರೇ ಇರಲಿಲ್ಲ. ನವೆಂಬರ್ 13ಕ್ಕೆ ಮತ್ತೆ ಚುನಾವಣೆಯಾಯಿತು. ಅವರ ಮಗ ಭರತ ನಿಂತು ಸೋತರು.

"ದೊಡ್ಡ ಕುರ್ಚಿ ಸಿಕ್ಕರ ಆರಿಸಿದವರನ್ನ ಬಿಡೋದೇನು?" ಅಂತ ನಾನು ವರ್ಗದಲ್ಲಿ ಜೋರಾಗಿ ಹೇಳಿದೆ.

ಹಿಂದಿನ ಸಾಲಿನ ಗೆಳೆಯ ಕೇಳಿದ, "ನೀ ಶಾಲಾ ಪ್ರಧಾನಿ ಆದ ಮ್ಯಾಲ ನಮ್ಮ ವರ್ಗದ ನೀರಿನ ಕೊಡ ಯಾರು ತುಂಬ್ಯಾರ?"

ಎಲ್ಲರೂ ನಕ್ಕರು. ನನಗೆ ನಾಚಿಕೆಯಾಯಿತು. ದಿನಾ ಕೊಡ ತುಂಬತೀನಿ ಅಂತ ಹೇಳಿಯೇ ನಾನು ಮೊದಲು ವರ್ಗದ ಮುಖಂಡನಾಗಿದ್ದೆ.

ಗೆಳೆಯರೇ, ಮತ ಹಾಕಿದವರು ಬಾಯಾರಿ ಕುಳಿತರೆ ದೊಡ್ಡ ಕುರ್ಚಿ ಯಾಕೆ ಬೇಕು? ನಿನ್ನೆಯಿಂದ ಕೊಡ ನಾನೇ ತುಂಬುತ್ತಿದ್ದೇನೆ.